ಹೊಸ ಚೆಂಡು, ಹೊಸ ಡ್ರೈವರ್: ಗಾಲ್ಫ್ ಆಟ ಕೆಡುತ್ತಿದೆಯೇ?

ಐದನೆಯ ಐರನ್:

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸಿನ ಹದಿನೇಳನೆಯ ಹೋಲಿಗೆ ರೋಡ್ ಹೋಲ್ ಎಂದು ಹೆಸರು. ಗಾಲ್ಫ್ ಜಗತ್ತಿನಲ್ಲಿ ಅತಿ ಹೆಚ್ಚು ಬೈಗುಳ ತಿಂದ ಪಾರ್ ನಾಲ್ಕು (ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್) ಅದೇ ಇರಬೇಕು. ಆಟಗಾರರು ಹೊಡೆಯುವ ದೂರ ಹೆಚ್ಚುತ್ತಲೇ ಹೋದದ್ದರಿಂದ, 2010ರ ಬ್ರಿಟಿಷ್ ಓಪನ್ ಪಂದ್ಯಾವಳಿಗೆ ಮುಂಚೆ ಅದರ ಟೀಯನ್ನು (ಮೊದಲ ಹೊಡೆತ ಹೊಡೆಯುವ ಜಾಗವನ್ನು) 40 ಗಜ ಹಿಂದಕ್ಕೆ ಒಯ್ದು, 455 ಗಜ ಇದ್ದದ್ದನ್ನು 495 ಮಾಡಿದರು. ಹಿಂದೆ ಸರಿಯಲು ಕೋರ್ಸಿನೊಳಗೆ ಜಾಗವಿರಲಿಲ್ಲವಾದ್ದರಿಂದ ಗಡಿಯ ಆಚೆ ಹೋಗಿ ಟೀ ಕಟ್ಟಿದರು. ಚೆಂಡು ಅಲ್ಲಿಗೆ ಬಿದ್ದರೆ ದಂಡ, ಆದರೆ ಆಟ ಶುರುವಾಗುವುದು ಮಾತ್ರ ಅಲ್ಲಿಂದಲೇ!

ಅಮೆರಿಕದ ಅಗಸ್ಟಾದ ಕಥೆ ಇನ್ನೂ ದುಬಾರಿಯದು. 1997ರಲ್ಲಿ ಟೈಗರ್ ವುಡ್ಸ್ ಮೊದಲ ಬಾರಿ ಮಾಸ್ಟರ್ಸ್ ಪಂದ್ಯಾವಳಿ ಗೆದ್ದಾಗ ಆ ಕೋರ್ಸಿನ ಉದ್ದ 6,925 ಗಜ. 2024ರಲ್ಲಿ 7,555. ಹದಿಮೂರನೆಯ ಹೋಲಿನ ಟೀ ಹಿಂದಕ್ಕೆ ಸರಿಸಲು ಪಕ್ಕದ ಕ್ಲಬ್ಬಿನ ಜಮೀನನ್ನೇ ಕೊಂಡುಕೊಂಡು, 2023ರಲ್ಲಿ 510 ಗಜವನ್ನು 545 ಮಾಡಿದರು. ದುಡ್ಡಿದ್ದವರು ಜಮೀನು ಕೊಳ್ಳುತ್ತಾರೆ, ಇಲ್ಲದ ಹಳೆಯ ಕೋರ್ಸುಗಳು ಏನು ಮಾಡಬೇಕು?

ಆಟದ ನಿಯಮ ರೂಪಿಸುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳು 2023ರ ಡಿಸೆಂಬರ್‌ನಲ್ಲಿ, ಚೆಂಡು ಅಷ್ಟು ದೂರ ಹಾರದಿರಲೆಂದು ಅದರ ಪರೀಕ್ಷೆಯನ್ನು ಬಿಗಿಗೊಳಿಸುವುದಾಗಿ ಪ್ರಕಟಿಸಿದ ದಿನದಿಂದ ತಯಾರಕರೂ ಕೆಲವು ವೃತ್ತಿಪರರೂ ಕೂಗಾಡುತ್ತಿದ್ದಾರೆ. ಈ ನಿರ್ಧಾರ ಇಪ್ಪತ್ತು ವರ್ಷ ತಡವಾಗಿ ಬಂದಿದೆ ಎಂಬುದು ನನ್ನ ಅಭಿಪ್ರಾಯ. ಉದ್ದದ ಪಾರ್ ನಾಲ್ಕರಲ್ಲಿ ಎರಡನೆಯ ಹೊಡೆತಕ್ಕೆ ಮೂರನೆಯ ಅಥವಾ ನಾಲ್ಕನೆಯ ಐರನ್ (ದೂರದ ಹೊಡೆತದ ಲೋಹದ ಕೋಲು) ಹಿಡಿದು ಗಾಳಿಯನ್ನು ಅಳೆಯುತ್ತಾ ನಿಲ್ಲುವ ಆಟಗಾರ ಈಗ ಟಿವಿಯಲ್ಲಿ ಕಾಣುವುದೇ ಇಲ್ಲ. ಟೀಯಿಂದ ಉದ್ದ ಹೊಡೆಯಲು ಡ್ರೈವರ್, ಆಮೇಲೆ ಹತ್ತಿರದಿಂದ ಎತ್ತಿ ಹಾಕಲು ವೆಜ್, ಆಮೇಲೆ ಕುಳಿಗೆ ಉರುಳಿಸಲು ಪಟ್ಟರ್, ಮತ್ತೆ ಡ್ರೈವರ್. ಇದನ್ನು ನೋಡಲು ನಾಲ್ಕು ಗಂಟೆ ಯಾರು ಕೂರುತ್ತಾರೆ?

ರಫ್‌ನಲ್ಲೇ ವಾಸ:

ನಾನು ಕೂರುತ್ತೇನೆ ಸಾರ್. ನನಗೆ ನೋಡಲೂ ಇಷ್ಟ, ಆಡಲೂ ಇಷ್ಟ. 460 ಸಿಸಿಯ ದೊಡ್ಡ ತಲೆಯ ಡ್ರೈವರ್ ಎಂಬುದೊಂದು ಇಲ್ಲದಿದ್ದರೆ ನಾನು ಈ ಆಟವನ್ನು ಎಂದೋ ಬಿಟ್ಟು ಷಟಲ್ ಆಡಲು ಹೋಗುತ್ತಿದ್ದೆ. ಭಾನುವಾರ ಬೆಳಿಗ್ಗೆ ಆಡುವ ನಮ್ಮಂಥವರ ಹೊಡೆತ ಕ್ಲಬ್ಬಿನ ನಡುಭಾಗಕ್ಕೆ ತಗಲುವುದೇ ಅಪರೂಪ. ಅಂಚಿಗೆ ತಗಲಿದರೂ ಚೆಂಡು ಮುಂದಕ್ಕೇ ಹೋಗುತ್ತದಲ್ಲ, ಅದನ್ನು ಕಿತ್ತುಕೊಳ್ಳಬೇಡಿ. ಟಿವಿಯಲ್ಲಿ ಬರುವ ನೂರು ಜನ ಉದ್ದ ಹೊಡೆಯುತ್ತಾರೆಂದು ಊರಿನವರಿಗೆಲ್ಲ ದಂಡ ಹಾಕುವುದು ಯಾವ ನ್ಯಾಯ?

ಫೈಫ್ ಕನ್ನಡಿಗ:

ನಾನಿರುವುದು ಸೇಂಟ್ ಆಂಡ್ರೂಸ್ ಇರುವ ಫೈಫ್ ಪ್ರಾಂತದಲ್ಲಿ. ಓಲ್ಡ್ ಕೋರ್ಸಿಗೆ ಭಾನುವಾರ ರಜೆ, ಅಂದು ಊರಿನವರು ಫೇರ್‌ವೇ (ಕತ್ತರಿಸಿದ ಹುಲ್ಲಿನ ಹಾದಿ) ಮೇಲೆ ನಾಯಿ ಅಡ್ಡಾಡಿಸುತ್ತಾರೆ. ಇಲ್ಲಿನವರಿಗೆ 'ಹೊಸ ಸಾಧನದಿಂದ ಆಟ ಕೆಟ್ಟಿತು' ಎಂಬ ಮಾತು ಹೊಸದಲ್ಲ, ಬೇಸರವೂ ಇಲ್ಲ.

ಹತ್ತೊಂಬತ್ತನೆಯ ಶತಮಾನದ ನಡುವಿನ ತನಕ ಚೆಂಡೆಂದರೆ ಚರ್ಮದ ಚೀಲದೊಳಗೆ ಬೇಯಿಸಿದ ಹಕ್ಕಿಗರಿಗಳನ್ನು ಗಿಡಿದು ಹೊಲಿದದ್ದು. ನುರಿತ ಕೆಲಸಗಾರನಿಗೂ ದಿನಕ್ಕೆ ಮೂರ್ನಾಲ್ಕು ಚೆಂಡು ಮಾಡುವಷ್ಟರಲ್ಲಿ ಸಾಕಾಗುತ್ತಿತ್ತು. 1848ರ ಹೊತ್ತಿಗೆ ಮಲಯಾ ಕಡೆಯ ಮರದ ಹಾಲಿನಿಂದ ಮಾಡಿದ ಗಟಾಪರ್ಚಾ ಚೆಂಡು ಬಂತು. ಬೆಲೆ ಕಡಿಮೆ, ಮಳೆಯಲ್ಲಿ ನೆನೆದು ಒಡೆಯುವುದಿಲ್ಲ. ಗರಿಯ ಚೆಂಡು ಮಾಡುವುದರಲ್ಲಿ ಹೆಸರುವಾಸಿಯಾಗಿದ್ದ ಅಲನ್ ರಾಬರ್ಟ್‌ಸನ್‌ಗೆ ಇದು ಹೊಟ್ಟೆಯ ಮೇಲೆ ಹೊಡೆದಂತಾಯಿತು. ಅವನ ಕೈಕೆಳಗಿದ್ದ ಟಾಮ್ ಮಾರಿಸ್ ಹೊಸ ಚೆಂಡಿನಲ್ಲಿ ಆಡಿದ್ದಕ್ಕೆ ಇಬ್ಬರಿಗೂ ಜಗಳವಾಗಿ ಮಾರಿಸ್ ಪ್ರೆಸ್ಟ್‌ವಿಕ್‌ಗೆ ಹೊರಟುಹೋದ. ಮೊದಲ ಓಪನ್ 1860ರಲ್ಲಿ ನಡೆದದ್ದು ಅಲ್ಲಿಯೇ.

ಆಮೇಲೆ ಅಮೆರಿಕದಿಂದ ರಬ್ಬರ್ ದಾರ ಸುತ್ತಿದ ಹ್ಯಾಸ್ಕೆಲ್ ಚೆಂಡು ಬಂತು. 1902ರಲ್ಲಿ ಹಾಯ್ಲೇಕ್‌ನಲ್ಲಿ ಸ್ಯಾಂಡಿ ಹರ್ಡ್ ಅದರಿಂದ ಓಪನ್ ಗೆದ್ದದ್ದೇ ತಡ, ಗಟಾಪರ್ಚಾದ ಕಾಲ ಮುಗಿಯಿತು. ಆಗಲೂ 'ಕೋರ್ಸುಗಳು ಸಣ್ಣವಾದವು' ಎಂಬ ಇದೇ ರಾಗ. ಹಾಗಾದರೆ ಐರನ್ ಅವರೇ, ನೀವು ಕಾಪಾಡಬೇಕೆನ್ನುವ ಸಾಂಪ್ರದಾಯಿಕ ಆಟ ಯಾವ ಇಸವಿಯದು? ಗರಿಯದೋ, ಮರದ ಹಾಲಿನದೋ, ರಬ್ಬರ್ ದಾರದ್ದೋ?

ಐದನೆಯ ಐರನ್:

ಒಳ್ಳೆಯ ಪ್ರಶ್ನೆ, ಆದರೆ ಚರಿತ್ರೆಯನ್ನು ಅರ್ಧಕ್ಕೆ ನಿಲ್ಲಿಸಿದ್ದೀರಿ. ಬದಲಾವಣೆ ಬಂದಾಗಲೆಲ್ಲ ಆಟ ಸುಮ್ಮನೆ ತಲೆಬಾಗಲಿಲ್ಲ. 1930ರಲ್ಲಿ ಬಾಬಿ ಜೋನ್ಸ್ ಬಳಸಿದ, ತಳ ಬೋಗುಣಿಯಂತೆ ಬಾಗಿದ್ದ ಮರಳಿನ ವೆಜ್ ಅನ್ನು ಮರುವರ್ಷವೇ ನಿಷೇಧಿಸಿದರು. ಚೀಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೋಲು ತುಂಬಿಕೊಂಡು ಬರುವವರು ಹೆಚ್ಚಾದಾಗ 1938ರಲ್ಲಿ ಅಮೆರಿಕವೂ 1939ರಲ್ಲಿ ಬ್ರಿಟನ್ನೂ ಹದಿನಾಲ್ಕರ ಮಿತಿ ಹಾಕಿದವು. ಉದ್ದನೆಯ ಪಟ್ಟರಿನ ತುದಿಯನ್ನು ಹೊಟ್ಟೆಗೋ ಎದೆಗೋ ಊರಿಕೊಂಡು ಆಡುವುದನ್ನು 2016ರಿಂದ ನಿಲ್ಲಿಸಿದರು. ಆ ಹೊತ್ತಿಗೆ ಕೀಗನ್ ಬ್ರಾಡ್ಲಿ, ವೆಬ್ ಸಿಂಪ್ಸನ್, ಅರ್ನಿ ಎಲ್ಸ್, ಆಡಮ್ ಸ್ಕಾಟ್ ನಾಲ್ವರೂ ಹಾಗೆ ಆಡಿಯೇ ಮೇಜರ್ ಎಂಬ ದೊಡ್ಡ ಪಂದ್ಯಾವಳಿಗಳನ್ನು ಗೆದ್ದಾಗಿತ್ತು. ಎಲ್ಲಿ ಗೆರೆ ಎಳೆಯಬೇಕು ಎಂದು ಕೇಳುವುದೂ ಆಟದ ಸಂಪ್ರದಾಯವೇ ಸ್ವಾಮಿ.

ಭೌತಶಾಸ್ತ್ರದ ಮೇಷ್ಟ್ರು:

ಇಬ್ಬರೂ ಚೆಂಡು, ಕೋಲು ಎಂದು ಒಟ್ಟಾಗಿ ಹೇಳುತ್ತಿದ್ದೀರಿ. ಬಿಡಿಸಿ ನೋಡೋಣ.

ಅಮೆರಿಕದ ವೃತ್ತಿಪರರ ಸ್ಪರ್ಧಾಸರಣಿಯಾದ ಪಿಜಿಎ ಟೂರ್‌ನಲ್ಲಿ ಡ್ರೈವ್‌ನ (ಟೀಯಿಂದ ಹೊಡೆಯುವ ಉದ್ದ ಹೊಡೆತದ) ಸರಾಸರಿ ದೂರ 1980ರಲ್ಲಿ ಸುಮಾರು 257 ಗಜ. 1995ರಲ್ಲಿ ಸುಮಾರು 263. ಹದಿನೈದು ವರ್ಷಕ್ಕೆ ಆರೇ ಗಜ. ಅಲ್ಲಿಂದ ಎಂಟು ವರ್ಷದಲ್ಲಿ, ಅಂದರೆ 2003ಕ್ಕೆ, 286ಕ್ಕೆ ಜಿಗಿಯಿತು. 2023ರಲ್ಲಿ 300ರ ಹತ್ತಿರ. ನಡುವಿನ ಆ ಎಂಟು ವರ್ಷಗಳಲ್ಲಿ ಆದದ್ದು ಎರಡು.

ಮೊದಲನೆಯದು ಟೈಟಾನಿಯಂ. ಪರ್ಸಿಮನ್ ಮರದ ಡ್ರೈವರಿನ ತಲೆ ಸುಮಾರು 200 ಸಿಸಿ. ಟೈಟಾನಿಯಂ ಹಗುರ ಮತ್ತು ಗಟ್ಟಿ, ಹಾಗಾಗಿ ಅಷ್ಟೇ ತೂಕದಲ್ಲಿ ಅದರ ಎರಡರಷ್ಟು ದೊಡ್ಡ, ಒಳಗೆ ಪೊಳ್ಳಾದ ತಲೆ ಮಾಡಬಹುದು. ತೂಕ ಅಂಚುಗಳಿಗೆ ಹಂಚಿಹೋಗುವುದರಿಂದ ಚೆಂಡು ನಡುವಿನಿಂದ ಒಂದು ಬೆರಳು ಆಚೀಚೆ ತಗಲಿದರೂ ತಲೆ ತಿರುಚಿಕೊಳ್ಳುವುದು ಕಡಿಮೆ. ತೆಳು ಮುಖ ಒಳಕ್ಕೆ ಬಾಗಿ ಮತ್ತೆ ಚಿಮ್ಮುತ್ತದೆ.

ಎರಡನೆಯದು ಚೆಂಡು. 2000ದ ವರೆಗೂ ಬಹುಪಾಲು ವೃತ್ತಿಪರರು ಆಡುತ್ತಿದ್ದದ್ದು ರಬ್ಬರ್ ದಾರ ಸುತ್ತಿ ಮೇಲೆ ಮೆತ್ತನೆಯ ಬಲಾಟಾ ಹೊದಿಸಿದ ಚೆಂಡು. ಕುಳಿ ಇರುವ ನುಣುಪು ಹುಲ್ಲಿನ ಗ್ರೀನ್ ಮೇಲೆ ಅದು ಚೆನ್ನಾಗಿ ಕಚ್ಚಿ ನಿಲ್ಲುತ್ತಿತ್ತು, ಆದರೆ ಡ್ರೈವರಿನಿಂದ ಹೊಡೆದಾಗಲೂ ಗಿರಗಿರನೆ ತಿರುಗುತ್ತಿತ್ತು. ಬಲವಾಗಿ ಹೊಡೆದಷ್ಟೂ ಪಕ್ಕಕ್ಕೆ ಬಾಗುವ ಅಪಾಯ. ಆದ್ದರಿಂದ ಜಾಣರು ಮೈಯ ಬಲವನ್ನೆಲ್ಲ ಹಾಕದೆ ಸ್ವಲ್ಪ ಹಿಡಿದೇ ಹೊಡೆಯುತ್ತಿದ್ದರು. ಗಟ್ಟಿ ತಿರುಳು, ನಡುವೆ ಒಂದು ಪದರ, ಮೇಲೆ ತೆಳುವಾದ ಯುರೆಥೇನ್ ಹೊದಿಕೆ ಇರುವ ಚೆಂಡು ಈ ಲೆಕ್ಕವನ್ನೇ ಬುಡಮೇಲು ಮಾಡಿತು: ಡ್ರೈವರಿಗೆ ಕಡಿಮೆ ತಿರುಗು, ವೆಜ್‌ಗೆ ಹೆಚ್ಚು ತಿರುಗು. 2000ದ ಯುಎಸ್ ಓಪನ್ ಅನ್ನು ಟೈಗರ್ ವುಡ್ಸ್ ಹದಿನೈದು ಹೊಡೆತಗಳ ಅಂತರದಿಂದ ಗೆದ್ದದ್ದು ಗಟ್ಟಿ ತಿರುಳಿನ ಚೆಂಡಿನಿಂದ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಟೈಟ್ಲಿಸ್ಟ್ ಪ್ರೊ ವಿ1 ಬಂತು. ಒಂದೆರಡು ವರ್ಷದಲ್ಲಿ ಸುತ್ತಿದ ಚೆಂಡು ಟೂರ್‌ನಿಂದ ಬಹುತೇಕ ಮಾಯವಾಯಿತು.

ತಲೆಯ ಗಾತ್ರ, ಮುಖದ ಚಿಮ್ಮುವಿಕೆ ಎರಡಕ್ಕೂ ಇಪ್ಪತ್ತು ವರ್ಷಗಳಿಂದ ಮಿತಿ ಇದೆ. ಚೆಂಡಿಗೂ ಇದೆ: ಯಂತ್ರವು ಗಂಟೆಗೆ 120 ಮೈಲಿ ವೇಗದಲ್ಲಿ ಹೊಡೆದಾಗ 317 ಗಜ, ಜೊತೆಗೆ ಮೂರು ಗಜ ರಿಯಾಯಿತಿ. ಹೊಸ ನಿಯಮದಲ್ಲಿ ದೂರ ಅಷ್ಟೇ, ವೇಗ ಮಾತ್ರ 125. ವೇಗ ಹೆಚ್ಚಿದರೂ ದೂರ ಅದನ್ನು ಮೀರಬಾರದು ಎಂದರೆ ಚೆಂಡು ಸ್ವಲ್ಪ ಮಂದವಾಗಲೇಬೇಕು.

ಗ್ರಿಪ್ ಅಂಗಡಿ:

ಮೇಷ್ಟ್ರು ಹೇಳಿದ್ದೆಲ್ಲ ಸರಿ, ಆದರೆ ಅಸಲು ಆಸಾಮಿಯನ್ನೇ ಬಿಟ್ಟಿದ್ದಾರೆ. ಕೋಲಿಗೂ ಚೆಂಡಿಗೂ ಇಪ್ಪತ್ತು ವರ್ಷದಿಂದ ಮಿತಿ ಇದ್ದರೆ, 286 ಇದ್ದದ್ದು 300 ಆದದ್ದು ಹೇಗೆ?

ನಾನು ಕೋಲಿನ ಗ್ರಿಪ್ (ಹಿಡಿಕೆ) ಬದಲಿಸುವ, ಶಾಫ್ಟ್ (ದಂಡ) ಕತ್ತರಿಸಿ ಕೂರಿಸುವ ಕೆಲಸ ಮಾಡುವವನು. ಮೊದಲು ಆಟಗಾರ ಬಂದು 'ಇದು ಕೈಗೆ ಭಾರ ಎನ್ನಿಸುತ್ತದೆ' ಎನ್ನುತ್ತಿದ್ದ. ಈಗ ಫೋನಿನಲ್ಲಿ ಅಂಕಿಗಳನ್ನು ತೋರಿಸಿ 'ತಿರುಗು ನಿಮಿಷಕ್ಕೆ 2,900 ಸುತ್ತು ಇದೆ, 2,300ಕ್ಕೆ ಇಳಿಸಿಕೊಡಿ' ಎನ್ನುತ್ತಾನೆ. ಇದನ್ನು ಅವನಿಗೆ ಹೇಳುವುದು ರೇಡಾರ್ ಪೆಟ್ಟಿಗೆ. ಚೆಂಡು ಹಾರುವ ಕೋನ, ವೇಗ, ತಿರುಗು, ಕೋಲು ಬರುವ ದಾರಿ ಎಲ್ಲವನ್ನೂ ಆ ಕ್ಷಣದಲ್ಲೇ ಅಳೆದು ಕೊಡುವ ಲಾಂಚ್ ಮಾನಿಟರ್. ಡ್ಯಾನಿಷ್ ಕಂಪನಿ ಟ್ರ್ಯಾಕ್‌ಮ್ಯಾನ್ ಹುಟ್ಟಿದ್ದು 2003ರಲ್ಲಿ, ಸರಿಯಾಗಿ ಕೋಲಿಗೆ ಕಡಿವಾಣ ಬಿದ್ದ ಹೊತ್ತಿನಲ್ಲಿ. ಅಲ್ಲಿಂದ ಮುಂದಕ್ಕೆ ಬದಲಾದದ್ದು ಕೋಲಲ್ಲ, ಅದನ್ನು ಬೀಸುವ ಮೈ. ಹದಿನೈದರ ಹುಡುಗ ಹುಡುಗಿಯರು ಮೊದಲು ವೇಗ ಕಲಿಯುತ್ತಾರೆ, ನೇರ ಹೊಡೆಯುವುದನ್ನು ಆಮೇಲೆ. ಜಿಮ್ಮು, ಆಹಾರ, ಎಲ್ಲವೂ ಆ ಒಂದು ಅಂಕಿಗಾಗಿ.

ಅಂಗಡಿಗೆ ಬಂದ ಹಳೆಯ ಪರ್ಸಿಮನ್ ಕೋಲೊಂದನ್ನು ಈಗಿನ ಹುಡುಗನೊಬ್ಬನ ಕೈಗೆ ಕೊಟ್ಟು ನೋಡಿದ್ದೇನೆ. ಹೊಸ ಚೆಂಡಿನ ಜೊತೆ ಅವನು ಹೊಡೆದ ದೂರ ಕಂಡು ಸುತ್ತ ನಿಂತಿದ್ದವರೆಲ್ಲ ಬಾಯಿ ಬಿಟ್ಟರು. ರೇಡಾರ್ ನಿಷೇಧಿಸಲು ಸಾಧ್ಯವೇ? ತಿಳುವಳಿಕೆಯನ್ನು ಯಾವ ನಿಯಮದಿಂದಲೂ ವಾಪಸ್ಸು ಪಡೆಯಲಾಗುವುದಿಲ್ಲ. ಹಾಗಾಗಿ ಉಳಿದಿರುವ ಒಂದೇ ಹಿಡಿ ಚೆಂಡು. ನನ್ನ ವ್ಯಾಪಾರಕ್ಕೆ ಇದರಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ, ಸುಮ್ಮನೆ ಹೇಳಿದೆ.

ಕೆಂಪು ಟೀ:

ಇಷ್ಟೊತ್ತು ಓದಿದೆ. ಈ ಚರ್ಚೆಯಲ್ಲಿ ಗಂಡಸರ ಡ್ರೈವ್ ಬಿಟ್ಟು ಬೇರೇನೂ ಇಲ್ಲ.

ಟೋಕಿಯೋ ಒಲಿಂಪಿಕ್ಸ್ ನೆನಪಿದೆಯೇ? 2021ರ ಆಗಸ್ಟ್, ನಾಲ್ಕನೆಯ ದಿನ ಬೆಳಗಿನ ಜಾವದಿಂದಲೇ ಗಾಲ್ಫ್ ಗೊತ್ತಿಲ್ಲದವರೂ ಟಿವಿ ಮುಂದೆ ಕೂತಿದ್ದರು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಪಾರ್‌ಗಿಂತ 15 ಕಡಿಮೆಗೆ ಮುಗಿಸಿ ನಾಲ್ಕನೆಯ ಸ್ಥಾನ ಪಡೆದರು. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ಆ ಸ್ಪರ್ಧೆಯಲ್ಲಿ ಅತಿ ಕಡಿಮೆ ದೂರ ಹೊಡೆಯುತ್ತಿದ್ದವರ ಪೈಕಿ ಅವರೂ ಒಬ್ಬರು. ಜೊತೆಯಲ್ಲಿ ಆಡುತ್ತಿದ್ದ ನೆಲ್ಲಿ ಕೋರ್ಡಾ ಐರನ್ ಹಿಡಿಯುವ ಕಡೆ ಅದಿತಿ ಇನ್ನೂ ದೂರ ಹೊಡೆಯುವ ಕೋಲುಗಳಾದ ಹೈಬ್ರಿಡ್ ಅಥವಾ ಫೇರ್‌ವೇ ವುಡ್ ಹಿಡಿಯಬೇಕಿತ್ತು. ಆಮೇಲೆ ಪಟ್ಟರಿನಿಂದ ಲೆಕ್ಕ ಸರಿ ಮಾಡುತ್ತಿದ್ದರು.

ಇದರಿಂದ ಎರಡು ಮಾತು. ಐರನ್ ಅವರು ಹುಡುಕುತ್ತಿರುವ, ಉದ್ದ ಕೋಲಿನಿಂದ ಗ್ರೀನ್‌ಗೆ ಹೊಡೆಯುವ ಆಟ ಸತ್ತಿಲ್ಲ, ಮಹಿಳೆಯರ ಟೂರ್ ನೋಡಿದರೆ ಸಿಗುತ್ತದೆ. ಇನ್ನೊಂದು, ಅಂಥ ಆಟ ಸಾಧ್ಯವಾಗಿರುವುದೂ ಹೊಸ ಸಾಧನದಿಂದಲೇ. ಹೈಬ್ರಿಡ್ ಬರುವ ಮುಂಚೆ ಮೂರನೆಯ ಐರನ್‌ನಿಂದ ಚೆಂಡನ್ನು ಎತ್ತರಕ್ಕೆ ಎಬ್ಬಿಸಿ ಗ್ರೀನ್ ಮೇಲೆ ನಿಲ್ಲಿಸಲು ನಿಧಾನವಾಗಿ ಬೀಸುವವರಿಗೆ ಆಗುತ್ತಲೇ ಇರಲಿಲ್ಲ. ಅಂದರೆ ತಂತ್ರಜ್ಞಾನ ಎಲ್ಲರನ್ನೂ ಒಂದೇ ಕಡೆಗೆ ತಳ್ಳಿಲ್ಲ.

ಹೊಸ ಚೆಂಡಿನಿಂದ ಅತಿ ಉದ್ದ ಹೊಡೆಯುವವರಿಗೆ 13ರಿಂದ 15 ಗಜ, ಮಹಿಳಾ ವೃತ್ತಿಪರರಿಗೆ 5ರಿಂದ 7 ಗಜ ನಷ್ಟವಾಗಬಹುದೆಂದು ಆ ಸಂಸ್ಥೆಗಳೇ ಅಂದಾಜಿಸಿವೆ. ಐದು ಗಜ ಎಂದರೆ ಏನು ಮಹಾ ಎನ್ನುತ್ತೀರಿ. ಮೊದಲೇ ಕಡಿಮೆ ಇರುವವರಿಂದ ಕಳೆದ ಐದು ನನಗಂತೂ ಹೆಚ್ಚೇ ಕಾಣುತ್ತದೆ.

ರಫ್‌ನಲ್ಲೇ ವಾಸ:

ಮೇಡಂ ಹೇಳಿದ್ದಕ್ಕೆ ನನ್ನದೊಂದು ಸಹಿ.

ಐದನೆಯ ಐರನ್:

ಮೇಡಂ, ಆ ಐದು ಗಜವನ್ನು ಟೀ ಮುಂದಕ್ಕೆ ಇಟ್ಟು ಒಂದೇ ನಿಮಿಷದಲ್ಲಿ ವಾಪಸ್ಸು ಕೊಡಬಹುದು. ಟೀ ಮುಂದೆ ತರಲು ಯಾರ ಜಮೀನನ್ನೂ ಕೊಳ್ಳಬೇಕಿಲ್ಲ. ಹಿಂದೆ ಸರಿಸಲು ಕೊಳ್ಳಬೇಕು. ನನ್ನ ತಕರಾರಿನ ತಿರುಳೇ ಅದು.

ಬ್ಯಾಗ್ ಹೊತ್ತವನು:

ನಾನು ಚಿಕ್ಕಂದಿನಲ್ಲಿ ಆಟಗಾರರ ಚೀಲ ಹೊರುವ ಕ್ಯಾಡಿಯಾಗಿದ್ದವನು. ನಮಗೆ ಕೋಲು ಎಂದರೆ ಯಾರೋ ಸಾಹೇಬರು ಬಿಸಾಡಿದ್ದು. ಒಂದು ಕೋಲಿನಲ್ಲಿ ಐದಾರು ಹುಡುಗರು ಸರದಿಯ ಮೇಲೆ ಆಡುತ್ತಿದ್ದೆವು. ಅದೇ ಒಂದರಲ್ಲಿ ಎತ್ತರಕ್ಕೂ ಹೊಡೆಯಬೇಕು, ನೆಲಕ್ಕೆ ಅಂಟಿಕೊಂಡೂ ಹೊಡೆಯಬೇಕು. ನಮ್ಮಂಥವರಲ್ಲೇ ಒಬ್ಬರಾಗಿದ್ದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದ ದಿನ ಕ್ಯಾಡಿಗಳ ಮನೆಗಳಲ್ಲಿ ಹಬ್ಬ. ಬಿಡದಿಯ ಕೋರ್ಸಿನಲ್ಲಿ ಆಟ ಕಲಿತು ವೃತ್ತಿಪರರಾದ ಹಳ್ಳಿಯ ಹುಡುಗ ಚಿಕ್ಕರಂಗಪ್ಪ ಅವರನ್ನೂ ನೆನೆಯಬೇಕು.

ಈಗ ಕೇಳಿ. ಹೊಸ ಡ್ರೈವರ್ ಒಂದಕ್ಕೆ ಐವತ್ತು ಸಾವಿರದ ಆಸುಪಾಸು. ಒಳ್ಳೆಯ ಚೆಂಡು ಒಂದು ಡಜನ್ ಕೊಂಡರೆ ಮನೆಯ ತಿಂಗಳ ದಿನಸಿ ಆಗಿಹೋಗುತ್ತದೆ. ರೇಡಾರ್ ಇಟ್ಟ ಕೋಣೆಯಲ್ಲಿ ಒಂದು ಗಂಟೆ ಆಡಲು ಬೇರೆ ದುಡ್ಡು. ಮುಂದಿನ ಮುನಿಯಪ್ಪ ಎಲ್ಲಿಂದ ಬರಬೇಕು? ಆಟ ಕೆಟ್ಟಿತೇ ಎಂದು ಕೇಳುವವರು ಗಜದ ಲೆಕ್ಕದ ಜೊತೆಗೆ ಈ ಲೆಕ್ಕವನ್ನೂ ಹಾಕಲಿ.

ಮತ್ತೆ ದೂರ ಅಳೆಯುವ ದುರ್ಬೀನು. ಮೊದಲು ಸಾಹೇಬರು ನಮ್ಮನ್ನು ಕೇಳುತ್ತಿದ್ದರು. ಆ ಮರದಿಂದ ಗ್ರೀನ್‌ನ ಮುಂತುದಿಗೆ ಎಷ್ಟು, ಬೆಳಗಿನ ತೇವದಲ್ಲಿ ಚೆಂಡು ಎಷ್ಟು ಓಡುತ್ತದೆ, ಎಲ್ಲ ನಮ್ಮ ತಲೆಯಲ್ಲಿರುತ್ತಿತ್ತು. ಈಗ ದುರ್ಬೀನು '143' ಎನ್ನುತ್ತದೆ. ಸಾಹೇಬರು 143ಕ್ಕೇ ಹೊಡೆದು ಹಿಂದಿನ ಬಂಕರಿನ ಮರಳಿಗೆ ಹಾಕುತ್ತಾರೆ. ಅಲ್ಲಿ ಏರು ಇಳಿತ ಇದೆ, ಗಾಳಿ ಇದೆ, ಕೇಳಿದ್ದರೆ ಹೇಳುತ್ತಿದ್ದೆವು.

ಗ್ರಿಪ್ ಅಂಗಡಿ:

ದುಡ್ಡಿನ ಮಾತಿಗೆ ಒಂದು ತಿದ್ದುಪಡಿ. ಐದು ವರ್ಷ ಹಳೆಯ ಡ್ರೈವರ್‌ಗೂ ಈ ವರ್ಷದ್ದಕ್ಕೂ ಇರುವ ವ್ಯತ್ಯಾಸ ಹೆಚ್ಚಾಗಿ ಬಣ್ಣದಲ್ಲಿ. ಮಿತಿ ಒಂದೇ ಆದ್ದರಿಂದ ಮುಖ ಇನ್ನಷ್ಟು ಚಿಮ್ಮುವಂತಿಲ್ಲ. ಪ್ರತಿ ವರ್ಷ 'ಹತ್ತು ಗಜ ಹೆಚ್ಚು' ಎಂಬ ಜಾಹೀರಾತು ನಿಜವಾಗಿದ್ದರೆ ನಾವೆಲ್ಲ ಇಷ್ಟು ಹೊತ್ತಿಗೆ ಅರ್ಧ ಕಿಲೋಮೀಟರ್ ಹೊಡೆಯುತ್ತಿರಬೇಕಿತ್ತು. ಬಳಸಿದ್ದನ್ನೇ ಕೊಳ್ಳಿ, ಶಾಫ್ಟ್ ಸರಿಯಾಗಿ ಕೂರಿಸಿಕೊಳ್ಳಿ. ಹೀಗೆ ಹೇಳುವ ಅಂಗಡಿಯವನು ಉದ್ಧಾರವಾಗುವುದಿಲ್ಲ ಎಂದು ಮನೆಯಲ್ಲಿ ಆಗಲೇ ಹೇಳಿದ್ದಾರೆ.

ಹುಲ್ಲು ಮಣ್ಣು:

ನಾನು ಕೋರ್ಸಿನ ನಿರ್ವಹಣೆಯ ಕೆಲಸದಲ್ಲಿರುವವನು. ಸಾಧನ ಎಂದರೆ ಆಟಗಾರನ ಚೀಲದಲ್ಲಿರುವುದು ಮಾತ್ರವೇ? ನಮ್ಮ ಕತ್ತರಿಸುವ ಯಂತ್ರವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಈಗಿನ ಯಂತ್ರ ಗ್ರೀನ್‌ನ ಹುಲ್ಲನ್ನು ಮೂರು ಮಿಲಿಮೀಟರಿಗೆ ಕತ್ತರಿಸುತ್ತದೆ. ಹಿಂದಿನವರು ಪಟ್ಟರಿನಿಂದ ಚೆಂಡಿಗೆ ಒಂದು ಏಟು ಕೊಡುತ್ತಿದ್ದರು, ಈಗ ಮುಟ್ಟಿದರೆ ಓಡುತ್ತದೆ. ಫೇರ್‌ವೇ ಕೂಡ ಹಾಗೆಯೇ. ಟಿವಿಯಲ್ಲಿ ಕಾಣುವ 340 ಗಜದ ಡ್ರೈವ್‌ನಲ್ಲಿ ನಮ್ಮ ಯಂತ್ರದ ಪಾಲೂ ಇರುತ್ತದೆ, ಆದರೆ ಬಹುಮಾನದ ಹಣದಲ್ಲಿ ಪಾಲು ಯಾರೂ ಕೊಟ್ಟಿಲ್ಲ.

ಉದ್ದದ ವಿಷಯ. ಟೀಯನ್ನು ಮೂವತ್ತು ಗಜ ಹಿಂದೆ ಒಯ್ಯುವುದೆಂದರೆ ಅಲ್ಲಿಗೆ ನೀರಿನ ಕೊಳವೆ, ಗೊಬ್ಬರ, ಹುಲ್ಲು ಕತ್ತರಿಸುವ ಕೂಲಿ, ಆಟಗಾರ ನಡೆಯುವ ಹೆಚ್ಚುವರಿ ದಾರಿ ಎಲ್ಲ ಬಂತು. ಬೇಸಿಗೆಯಲ್ಲಿ ಬೆಂಗಳೂರಿನಂಥ ಊರಿನಲ್ಲಿ ಮನೆಗಳಿಗೇ ಟ್ಯಾಂಕರ್ ನೀರು. ಸಂಸ್ಕರಿಸಿದ ನೀರಿನಿಂದ ಹುಲ್ಲು ಉಳಿಸಿಕೊಳ್ಳುವಾಗಲೂ ಹೊರಗಿನವರ ಕಣ್ಣು ಕೆಂಪಗಾಗುತ್ತದೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಈಗ ಸುತ್ತಲೂ ರಸ್ತೆ, ಕಟ್ಟಡ. ಅಂಥ ಊರ ನಡುವಿನ ಕೋರ್ಸು ಯಾವ ಕಡೆಗೆ ಉದ್ದವಾಗಬೇಕು? ಚೆಂಡು ಉದ್ದವಾದಷ್ಟೂ ಬೇಲಿಯ ಬಲೆ ಎತ್ತರವಾಗುತ್ತದೆ, ಬೇರೆ ದಾರಿ ಇಲ್ಲ.

ಜಾವೆಲಿನ್ ಎಸೆತದಲ್ಲಿ ಇದೇ ಸಮಸ್ಯೆ ಬಂದಿತ್ತು. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಮೀಟರ್ ಎಸೆದರು. ಹೀಗೇ ಬಿಟ್ಟರೆ ಕ್ರೀಡಾಂಗಣ ಸಾಲುವುದಿಲ್ಲವೆಂದು 1986ರಲ್ಲಿ ಪುರುಷರ ಈಟಿಯ ಭಾರದ ಕೇಂದ್ರವನ್ನು ಮುಂದಕ್ಕೆ ತಂದರು, ಅದು ಬೇಗ ಮೂಗು ಬಗ್ಗಿಸಿ ನೆಲಕ್ಕಿಳಿಯಿತು. ಕ್ರೀಡಾಂಗಣವನ್ನು ಯಾರೂ ಉದ್ದ ಮಾಡಲಿಲ್ಲ. ಅದೇ ಉವೆ ಹೋನ್ ಮುಂದೆ ನಮ್ಮ ನೀರಜ್ ಚೋಪ್ರಾಗೆ ಸ್ವಲ್ಪ ಕಾಲ ತರಬೇತಿ ಕೊಟ್ಟರು. ಈಟಿ ಬದಲಾಯಿತೆಂದು ಎಸೆತದ ಆಟ ಸಪ್ಪೆಯಾಯಿತೇ?

ಫೈಫ್ ಕನ್ನಡಿಗ:

ಜಾವೆಲಿನ್ ಉದಾಹರಣೆ ಬಲವಾಗಿದೆ, ಒಪ್ಪಿದೆ. ಆದರೂ ಉದ್ದವೊಂದೇ ಕಾವಲಲ್ಲ. 2013ರ ಯುಎಸ್ ಓಪನ್ ನಡೆದ ಮೆರಿಯನ್ 7,000 ಗಜವೂ ಇರಲಿಲ್ಲ, 6,996. ಎಲ್ಲರೂ ಚಿಂದಿ ಮಾಡುತ್ತಾರೆಂದು ಹೇಳಿದ್ದರು. ಗೆದ್ದ ಜಸ್ಟಿನ್ ರೋಸ್ ಪಾರ್‌ಗಿಂತ ಒಂದು ಹೆಚ್ಚಿಗೆ ಮುಗಿಸಿದರು. ಕಿರಿದಾದ ಫೇರ್‌ವೇ, ದಟ್ಟ ರಫ್ (ಫೇರ್‌ವೇ ಪಕ್ಕದ ಉದ್ದ ಹುಲ್ಲು), ಇಳಿಜಾರಿನ ಗ್ರೀನ್ ಸಾಕಾಯಿತು.

ಭೌತಶಾಸ್ತ್ರದ ಮೇಷ್ಟ್ರು:

ಅದಕ್ಕೆ ಎದುರಾಗಿ 2020ರ ಯುಎಸ್ ಓಪನ್ ನಡೆದ ವಿಂಗ್ಡ್ ಫುಟ್ ಕೋರ್ಸನ್ನು ಇಟ್ಟುಕೊಳ್ಳಿ. ಅಲ್ಲೂ ದಟ್ಟ ರಫ್, ಕಿರಿದು ಫೇರ್‌ವೇ. ಬ್ರೈಸನ್ ಡಿಶಾಂಬೋ ನಾಲ್ಕು ದಿನದಲ್ಲಿ 56 ಫೇರ್‌ವೇಗಳ ಪೈಕಿ 23ಕ್ಕೆ ಮಾತ್ರ ಚೆಂಡು ಇಳಿಸಿ, ಪಾರ್‌ಗಿಂತ 6 ಕಡಿಮೆಗೆ ಗೆದ್ದರು. ಪಾರ್‌ಗಿಂತ ಕೆಳಗೆ ಮುಗಿಸಿದವರು ಅವರೊಬ್ಬರೇ. ರಫ್‌ನಿಂದ ಹೊಡೆದ ಚೆಂಡು ತಿರುಗದಿರಲೆಂದು 2010ರಿಂದ ವೆಜ್‌ನ ಗೀರುಗಳನ್ನು ಮೊಂಡು ಮಾಡಿಸಿದ್ದರಲ್ಲ, ಆ ನಿಯಮಕ್ಕೆ ಅಲ್ಲಿ ಬೆಲೆ ಉಳಿಯಲಿಲ್ಲ. ಗ್ರೀನ್‌ಗೆ ಇನ್ನಷ್ಟು ಹತ್ತಿರ ಹೋಗಿ ನಿಂತವನಿಗೆ ರಫ್ ದೊಡ್ಡ ಶಿಕ್ಷೆಯಲ್ಲ. ಹೀಗಾದಾಗ ರಫ್ ಬೆಳೆಸಿದಷ್ಟೂ ಕಷ್ಟಕ್ಕೆ ಸಿಕ್ಕುವವರು ಕಡಿಮೆ ದೂರ ಹೊಡೆಯುವವರು. ಕೆಂಪು ಟೀ ಅವರು ಇದನ್ನು ಗಮನಿಸಬೇಕು.

ಕೆಂಪು ಟೀ:

ಗಮನಿಸಿದೆ. ಅದಕ್ಕೇ ಕೇಳುತ್ತಿದ್ದೇನೆ, ಗಂಡಸರ ಟೂರ್‌ಗೆ ಮಾತ್ರ ಬೇರೆ ಚೆಂಡು ಏಕೆ ಬೇಡ? 2023ರ ಮಾರ್ಚ್‌ನಲ್ಲಿ ಹಾಗೆಯೇ ಪ್ರಸ್ತಾಪ ಬಂದಿತ್ತು. ಎಲ್ಲರಿಗೂ ಒಂದೇ ನಿಯಮವಿರಲಿ ಎಂದು ತಯಾರಕರೂ ಪಿಜಿಎ ಟೂರ್ ಕೂಡ ವಿರೋಧಿಸಿದ್ದಕ್ಕೆ ಈಗ ಅದು ಎಲ್ಲರ ತಲೆಗೂ ಬಂತು. ಬೇಸ್‌ಬಾಲ್‌ನಲ್ಲಿ ಕಾಲೇಜಿನವರಿಗೆ ಲೋಹದ ದಾಂಡು, ವೃತ್ತಿಪರರಿಗೆ ಮರದ್ದು. ಆಕಾಶ ಕಳಚಿ ಬಿದ್ದಿಲ್ಲ.

ಐದನೆಯ ಐರನ್:

ಅದಾಗಿದ್ದರೆ ನಾನೂ ಕೈ ಎತ್ತುತ್ತಿದ್ದೆ. ಆದರೆ ತಯಾರಕರಿಗೆ 'ಚಾಂಪಿಯನ್ ಆಡುವ ಚೆಂಡೇ ನಿಮ್ಮ ಕೈಯಲ್ಲಿ' ಎಂದು ಮಾರಬೇಕಲ್ಲ. ಆ ಒಂದು ಸಾಲಿನ ಜಾಹೀರಾತಿಗಾಗಿ ಎಲ್ಲರೂ ಐದು ಗಜ ಕಳೆದುಕೊಳ್ಳುತ್ತಿದ್ದೇವೆ.

ರಫ್‌ನಲ್ಲೇ ವಾಸ:

ಕೊನೆಗೆ ಒಂದು ಪ್ರಾಯೋಗಿಕ ಪ್ರಶ್ನೆ. ರಿಯಾಯಿತಿಯಲ್ಲಿ ಸಿಕ್ಕಿತೆಂದು ಹಳೆಯ ಚೆಂಡು ಡಜನ್‌ಗಟ್ಟಲೆ ಕೊಂಡು ಅಟ್ಟದ ಮೇಲೆ ಇಟ್ಟಿದ್ದೇನೆ. ನಮ್ಮಂಥವರಿಗೂ ನಿಯಮ ಜಾರಿಯಾದ ಮೇಲೆ ಅವನ್ನು ಏನು ಮಾಡಲಿ?

ಭೌತಶಾಸ್ತ್ರದ ಮೇಷ್ಟ್ರು:

2023ರಲ್ಲಿ ಪ್ರಕಟಿಸಿದಂತೆ ಗಣ್ಯ ಸ್ಪರ್ಧೆಗಳಿಗೆ 2028, ಉಳಿದವರಿಗೆ 2030. ಆಮೇಲೆ ಸ್ಪರ್ಧೆಯಲ್ಲಿ, ಹ್ಯಾಂಡಿಕ್ಯಾಪ್‌ಗೆ (ಆಟಗಾರನ ಮಟ್ಟ ತೋರಿಸುವ ಅಂಕಿಗೆ) ಲೆಕ್ಕ ಹಿಡಿಯುವ ಸುತ್ತಿನಲ್ಲಿ, ಒಪ್ಪಿಗೆ ಪಡೆದ ಪಟ್ಟಿಯಲ್ಲಿರುವ ಚೆಂಡನ್ನೇ ಬಳಸಬೇಕು. ಗೆಳೆಯರ ಜೊತೆ ಆಡುವಾಗ ಯಾರೂ ಬಂದು ಚೀಲ ಜಾಲಾಡುವುದಿಲ್ಲ.

ಬ್ಯಾಗ್ ಹೊತ್ತವನು:

ಚಿಂತೆ ಬೇಡ ಸಾರ್. ನಿಮ್ಮ ಹೆಸರು ನೋಡಿದರೆ ಅಷ್ಟು ದಿನ ಅವು ಉಳಿಯುವ ಹಾಗೆ ಕಾಣುವುದಿಲ್ಲ. ಕೆರೆಯಲ್ಲಿ ಹುಡುಗರಿಗೆ ಸಿಕ್ಕರೆ ತೊಳೆದು ನಿಮಗೇ ಅರ್ಧ ಬೆಲೆಗೆ ಮಾರುತ್ತಾರೆ, ಚೌಕಾಸಿ ಮಾಡಬೇಡಿ.